ಆರ್‌ಟಿಐ ಹಾಕಿದವರು ಕೋರ್ಟಿಗೆ ಯಾಕೆ ಹೋಗೋಕಾಗಲ್ಲ?

ಮೊನ್ನೆ ರಾಯಚೂರಿನಲ್ಲಿ ಕೋರ್ಟಿನ ಹತ್ತಿರದ ಚಹಾದಂಗಡಿಯಲ್ಲಿ ಪರಿಚಯದ ವಕೀಲರು ಸಿಕ್ಕರು. "ಸಾಹೇಬ್ರ, ಆರ್‌ಟಿಐ ಅರ್ಜಿಗೆ ಮಾಹಿತಿ ಕೊಡದ ಆ ನೀರಾವರಿ ಕಚೇರಿಯವರ ಮ್ಯಾಲೆ ಒಂದು ದಾವೆ ಹಾಕೇಬಿಡೋಣ್ರಿ" ಅಂದೆ. ಅವರು ನಕ್ಕುಬಿಟ್ಟರು. "ಹಾಕಾಕ ಬರಂಗಿಲ್ಲೋ ತಮ್ಮಾ. ಇಪ್ಪತ್ಮೂರನೇ ಕಲಂ ಓದಿಲ್ಲೇನು?"

ಓದಿರಲಿಲ್ಲ. ಅವತ್ತು ರಾತ್ರಿ ಕೂತು ಓದಿದೆ.

ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಊರು. ನಮ್ಮ ಪಾಲಿನ ನೀರು ಕಾಗದದ ಮೇಲೆ ಚೆನ್ನಾಗಿ ಹರಿಯುತ್ತದೆ. ಹೋದ ವರ್ಷ ಬೇಸಿಗೆಯಲ್ಲಿ ಉಪಕಾಲುವೆಯ ಹೂಳು ತೆಗೆಸಿದ್ದೇವೆ ಅಂದರು. ಜೆಸಿಬಿ ಬಂದಿದ್ದು ಎರಡು ದಿನ, ತೋಡಿದ್ದು ರಸ್ತೆಗೆ ಕಾಣುವಷ್ಟು ಮಾತ್ರ. ಅದಕ್ಕೇ ಅಂದಾಜು ಪಟ್ಟಿ, ಎಂ.ಬಿ. (ಮಾಡಿದ ಕೆಲಸದ ಅಳತೆ ಬರೆಯುವ ಪುಸ್ತಕ), ಬಿಲ್ಲು ಇವುಗಳ ನಕಲು ಕೊಡಿ ಅಂತ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಿದೆ. (ನಮ್ಮ ರಾಜ್ಯದಲ್ಲಿ ಅರ್ಜಿ ಸಾಮಾನ್ಯವಾಗಿ 150 ಪದ ದಾಟಬಾರದು. ಈ ಪೋಸ್ಟು ಆಗಲೇ ಅಲ್ಲಿಗೆ ಬರ್ತಾ ಇದೆ ನೋಡಿ.) 30 ದಿನ ಆಯ್ತು, ಉತ್ತರ ಇಲ್ಲ. ಮೊದಲ ಮೇಲ್ಮನವಿ ಹಾಕಿದೆ. ಮಾಹಿತಿ ಕೊಡಿ ಅಂತ ಆದೇಶವೂ ಆಯ್ತು. ಆದರೂ ಕೊಡಲಿಲ್ಲ. ಈಗ ಎರಡನೇ ಮೇಲ್ಮನವಿ ರಾಜ್ಯ ಮಾಹಿತಿ ಆಯೋಗದಲ್ಲಿದೆ. ಇದೆ ಅಷ್ಟೇ.

2005ರ ಮಾಹಿತಿ ಹಕ್ಕು ಕಾಯ್ದೆಯ (ಆರ್‌ಟಿಐ) 23ನೇ ಕಲಂ ಹೇಳೋದು ಇದು: ಈ ಕಾಯ್ದೆಯಡಿ ಆದ ಆದೇಶದ ಬಗ್ಗೆ ಯಾವ ನ್ಯಾಯಾಲಯವೂ ದಾವೆ ತೆಗೆದುಕೊಳ್ಳುವಂತಿಲ್ಲ, ಮೇಲ್ಮನವಿ ಒಂದೇ ದಾರಿ. 21ನೇ ಕಲಂ ಪ್ರಕಾರ ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ಅಧಿಕಾರಿಯ ಮೇಲೂ ಕೇಸು ಹಾಕೋ ಹಾಗಿಲ್ಲ. ದುಡ್ಡು ಕೊಟ್ಟಿದ್ದೀವಲ್ಲ, ಗ್ರಾಹಕರ ಕೋರ್ಟಿಗೆ ಹೋಗೋಣ ಅಂದರೆ ಅದೂ ಇಲ್ಲ. 2009ರಲ್ಲಿ ಮೈಸೂರಿನ ಒಬ್ಬರ ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಅರ್ಜಿದಾರನೂ ಗ್ರಾಹಕನೇ ಅಂದಿತ್ತು. 2015ರಲ್ಲಿ ಅದೇ ಆಯೋಗ ಅಲ್ಲ ಅಂತು. ಉಳಿದಿದ್ದು ಹೈಕೋರ್ಟಿನಲ್ಲಿ ರಿಟ್. ಸಂವಿಧಾನದ 226ನೇ ವಿಧಿ ಕೊಟ್ಟ ಅಧಿಕಾರವನ್ನು 23ನೇ ಕಲಂ ಕಿತ್ತುಕೊಳ್ಳೋಕೆ ಆಗಲ್ಲ. ನಾವು ರಾಯಚೂರಿನವರು ಕಲಬುರಗಿ ಪೀಠಕ್ಕೆ, ಕೊಪ್ಪಳ, ಬಳ್ಳಾರಿಯವರು ಧಾರವಾಡಕ್ಕೆ ಹೋಗಬೇಕು. ಅಲ್ಲೂ ಸಾಮಾನ್ಯವಾಗಿ ಕೇಳೋ ಮೊದಲ ಪ್ರಶ್ನೆ, ಮಾಹಿತಿ ಆಯೋಗದ ದಾರಿ ಮುಗಿಸಿ ಬಂದಿದ್ದೀರಾ ಅಂತ.

ಹಾಗಂತ 23ನೇ ಕಲಂ ತೆಗೆದುಹಾಕಿ ಅಂತ ನಾನು ಹೇಳಲ್ಲ, ಇದಕ್ಕೆ ನನ್ನ ಗೆಳೆಯರೇ ಸಿಟ್ಟಾಗಬಹುದು. ನಮ್ಮ ಸಿವಿಲ್ ಕೋರ್ಟಿನಲ್ಲಿ ಬದುವಿನ ಜಗಳ ಅಪ್ಪನ ಕಾಲದಿಂದ ಮಗನ ಕಾಲಕ್ಕೆ ಬರುತ್ತದೆ. ಅಲ್ಲಿಗೆ ಹೋಗಿದ್ದರೆ ವಕೀಲರ ಫೀಸಿಗೇ ಭತ್ತ ಮಾರಬೇಕಿತ್ತು. ಬಡವನಿಗೆ ಕೈಗೆಟುಕಲಿ ಅಂತಲೇ ಬೇರೆ ಬಾಗಿಲು ಮಾಡಿದ್ದಾರೆ, ಒಳ್ಳೇದೇ. ಆದರೆ ಆ ಬಾಗಿಲು ತೆರೆಯೋದು ಯಾವಾಗ? ಮೊದಲ ಮೇಲ್ಮನವಿಗೆ ನನಗೆ 30 ದಿನ, ಎರಡನೆಯದಕ್ಕೆ 90 ದಿನ. ತಡವಾದರೆ ಕಾರಣ ಕೇಳ್ತಾರೆ. ಮೊದಲ ಮೇಲ್ಮನವಿ ಕೇಳುವ ಅಧಿಕಾರಿಗೂ ಹೆಚ್ಚೆಂದರೆ 45 ದಿನ. ಆಯೋಗ ಎರಡನೇ ಮೇಲ್ಮನವಿ ಎಷ್ಟು ದಿನದಲ್ಲಿ ಮುಗಿಸಬೇಕು ಅನ್ನೋದು ಮಾತ್ರ ಕಾಯ್ದೆಯಲ್ಲಿ ಎಲ್ಲೂ ಇಲ್ಲ! ಬೇರೆ ಕಡೆ ಹೋಗಬೇಡ ಅಂತ ಕಟ್ಟಿಹಾಕಿದ ಮೇಲೆ ಇಲ್ಲಾದರೂ ಒಂದು ತಾರೀಖು ಬೇಕಲ್ವಾ?

ಮಾಹಿತಿ ಕೊಡದ ಅಧಿಕಾರಿಗೆ ದಂಡ ಇದೆಯಲ್ಲ ಅಂತೀರಿ. ದಿನಕ್ಕೆ 250 ರೂಪಾಯಿ, ಜಾಸ್ತಿ ಅಂದರೆ 25,000. ನೂರು ದಿನಕ್ಕೆ ಮೀಟರ್ ನಿಂತುಹೋಗುತ್ತೆ, ಆಮೇಲೆ ಎಷ್ಟು ತಡ ಮಾಡಿದರೂ ಅಷ್ಟೇ. ನನಗೆ ನಷ್ಟ ಪರಿಹಾರ ಕೊಡಿಸೋಕೆ 19(8)(ಬಿ) ಅಂತ ಇದೆ, ನಮ್ಮ ಕಡೆ ಅದನ್ನು ಕೇಳೋರೇ ಕಡಿಮೆ. ಎರಡನೇ ಮೇಲ್ಮನವಿ ಬರೆಯುವವರು ದಯವಿಟ್ಟು ಅದನ್ನೂ ಬರೆಯಿರಿ. ಇನ್ನೊಂದು, ಸಿಟ್ಟಿನಲ್ಲಿ 18ನೇ ಕಲಂ ಅಡಿ ದೂರು ಮಾತ್ರ ಕೊಟ್ಟು ಬರಬೇಡಿ. ಆ ದೂರಿನಲ್ಲಿ ಅಧಿಕಾರಿಗೆ ದಂಡ ಹಾಕಬಹುದೇ ಹೊರತು ಮಾಹಿತಿ ಕೊಡಿಸೋಕೆ ಬರಲ್ಲ ಅಂತ ಮಣಿಪುರದ ಪ್ರಕರಣದಲ್ಲಿ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕಾಗದ ಬೇಕು ಅಂದರೆ 19ನೇ ಕಲಂ.

ನನ್ನ ಕಾಗದ ಇವತ್ತಲ್ಲ ನಾಳೆ ಬರಬಹುದು. ಎಂ.ಬಿ.ಯಲ್ಲಿ ಇಷ್ಟು ಮೀಟರ್ ಆಳ ತೆಗೆದೆವು ಅಂತ ಬರೆದಿರುತ್ತೆ. ನಾನು ಟೇಪು ಹಿಡಿದು ಕಾಲುವೆಗೆ ಇಳಿದರೆ ಅಲ್ಲಿ ಎರಡು ಮಳೆಗಾಲದ ಹೊಸ ಹೂಳು ಇರುತ್ತೆ.