ಕಬ್ಬು ಕಡಿದ ಮೇಲೆ ಉಳಿಯುವ ಕೂಳೆ

ಮಾವೋವಾದಿ ಕಮಾಂಡರ್ ಮಾಡ್ವಿ ಹಿಡ್ಮಾ ಆಂಧ್ರದ ಮಾರೇಡುಮಿಲ್ಲಿ ಕಾಡಿನಲ್ಲಿ ಹತರಾದ ಸುದ್ದಿ ಬಂದ ದಿನ, ಅಂದರೆ 2025ರ ನವೆಂಬರ್ 18ರಂದು, ನಾನು ಪಾಂಡವಪುರ ತಾಲ್ಲೂಕಿನ ನಮ್ಮೂರಿನಲ್ಲಿ ಚಿಕ್ಕಪ್ಪನ ಆಲೆಮನೆಯಲ್ಲಿದ್ದೆ. ಒಲೆಗೆ ರಚ್ಚು ತಳ್ಳುತ್ತಿದ್ದ ಹುಡುಗ ಮೊಬೈಲ್ ನೋಡಿ, “ಇನ್ನೇನ್ ಗೌಡ್ರೆ, ನಕ್ಸಲರ ಕತೆ ಮುಗೀತು” ಎಂದ. ಕೊಪ್ಪರಿಗೆಯಿಂದ ಮಡ್ಡಿ ತೆಗೆಯುತ್ತಿದ್ದ ಚಿಕ್ಕಪ್ಪ ತಲೆ ಎತ್ತದೆಯೇ, “ಕಬ್ಬು ಕಡುದ್ರೆ ಕಬ್ಬು ಮುಗುದೋಯ್ತದ್ಲಾ? ಕೂಳೆ ಹೆಂಗ್ ಬತ್ತದೆ ಅಂತ ನೋಡ್ಬೇಕು” ಎಂದರು.

ನಮ್ಮ ಕಡೆಯ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಬ್ಬನ್ನು ನೆಲಮಟ್ಟಕ್ಕೆ ಕಡಿದು, ತರಗಿಗೆ ಬೆಂಕಿ ಇಟ್ಟ ಗದ್ದೆ ಸುಡುಗಾಡಿನಂತೆ ಕಾಣುತ್ತದೆ. ನೀರು ಕಟ್ಟಿದ ಕೆಲವೇ ದಿನಗಳಲ್ಲಿ ಬುಡದಿಂದ ಮೊಳಕೆ ಒಡೆಯುತ್ತದೆ; ಅದೇ ಕೂಳೆ. ಬುಡ ಗಟ್ಟಿಯಿದ್ದರೆ ಮೊದಲ ಕೂಳೆ, ಹೊಸದಾಗಿ ನೆಟ್ಟ ತನಿ ಬೆಳೆಗೆ ಹೆಚ್ಚು ಕಡಿಮೆಯಿಲ್ಲದಂತೆ ಬರುತ್ತದೆ. ಬುಡ ಸೋತಿದ್ದರೆ ಎಷ್ಟು ಗೊಬ್ಬರ ಸುರಿದರೂ ಪೈರು ಸೊರಗುತ್ತದೆ. ಕಡಿಯುವ ಕೆಲಸ ಎರಡು ಸಲವೂ ಒಂದೇ. ಉಗ್ರ ಸಂಘಟನೆಯ ನಾಯಕನ ಸಾವನ್ನು ಅಳೆಯುವಾಗ ನಾವು ಕುಡುಗೋಲನ್ನೇ ನೋಡುತ್ತೇವೆ, ಬುಡವನ್ನು ನೋಡುವುದಿಲ್ಲ ಎಂಬುದು ನನ್ನ ತಕರಾರು.

ಹೊರಗಿನ ಒಂದೆರಡು ನಿದರ್ಶನಗಳನ್ನು ನೋಡೋಣ. ನೈಜೀರಿಯಾದಲ್ಲಿ ಉಗ್ರ ಸಂಘಟನೆ ಬೋಕೊ ಹರಾಮ್‌ನ ಸ್ಥಾಪಕ ಮೊಹಮ್ಮದ್ ಯೂಸುಫ್ 2009ರ ಜುಲೈನಲ್ಲಿ ಪೊಲೀಸ್ ವಶದಲ್ಲಿದ್ದಾಗಲೇ ಕೊಲೆಯಾದ. ಅವನ ಜಾಗಕ್ಕೆ ಬಂದ ಅಬೂಬಕರ್ ಶೆಕಾವ್ ಅವನಿಗಿಂತ ನೂರು ಪಾಲು ಕ್ರೂರಿಯಾಗಿದ್ದ. ಪ್ಯಾಲೆಸ್ತೀನಿನ ಹಮಾಸ್‌ನ ಸ್ಥಾಪಕ ಶೇಖ್ ಯಾಸೀನ್ 2004ರ ಮಾರ್ಚ್‌ನಲ್ಲಿ, ಉತ್ತರಾಧಿಕಾರಿ ರಂತಿಸಿ ಏಪ್ರಿಲ್‌ನಲ್ಲಿ ಇಸ್ರೇಲ್ ದಾಳಿಗೆ ಬಲಿಯಾದರು. ಎರಡು ವರ್ಷ ಕಳೆಯುವುದರೊಳಗೆ ಆ ಸಂಘಟನೆ ಪ್ಯಾಲೆಸ್ತೀನ್ ಚುನಾವಣೆಯನ್ನೇ ಗೆದ್ದಿತು. ಪೆರುವಿನಲ್ಲಿ ಆದದ್ದು ಇದಕ್ಕೆ ತೀರಾ ವಿರುದ್ಧ. ಅಲ್ಲಿನ ಮಾವೋವಾದಿ ಸಂಘಟನೆ ‘ಶೈನಿಂಗ್ ಪಾತ್’ನ ಅಬಿಮಾಯೆಲ್ ಗುಜ್ಮಾನ್ 1992ರ ಸೆಪ್ಟೆಂಬರ್‌ನಲ್ಲಿ ಜೀವಂತ ಸಿಕ್ಕ. ಅನುಯಾಯಿಗಳು ದೇವರೆಂದೇ ನಂಬಿದ್ದ ಆ ಪ್ರೊಫೆಸರನನ್ನು ಪಟ್ಟೆ ಅಂಗಿ ತೊಡಿಸಿ ಪಂಜರದಲ್ಲಿ ನಿಲ್ಲಿಸಿ ಲೋಕಕ್ಕೆ ತೋರಿಸಿದರು. ಮರುವರ್ಷ ಅವನೇ ಜೈಲಿನಿಂದ ಶಾಂತಿ ಮಾತುಕತೆಯ ಪ್ರಸ್ತಾಪ ಮುಂದಿಟ್ಟ. ಹುತಾತ್ಮನಾಗುವ ಅವಕಾಶವೇ ಸಿಗದ ಆ ನಾಯಕನಿಂದ ಸಂಘಟನೆಗೆ ಆದ ನಷ್ಟವನ್ನು ಯಾವ ಗುಂಡೂ ಮಾಡಲಾಗುತ್ತಿರಲಿಲ್ಲ.

ಆದರೆ ನಮಗೆ ಹತ್ತಿರದ ಪಾಠ ಮಲೆನಾಡಿನದು. ಮೈಸೂರಿನಲ್ಲಿ ಓದಿದ, ಕರ್ನಾಟಕದ ಚರಿತ್ರೆಯ ಬಗ್ಗೆ ಬರೆದ ನಕ್ಸಲ್ ನಾಯಕ ಸಾಕೇತ್ ರಾಜನ್ 2005ರ ಫೆಬ್ರುವರಿ 6ರಂದು ಚಿಕ್ಕಮಗಳೂರು ಜಿಲ್ಲೆಯ ಮೆಣಸಿನಹಾಡ್ಯದಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಆಗಲೂ ಕತೆ ಮುಗಿಯಿತೆಂದೇ ಹೇಳಿದರು. ಒಂದು ವಾರ ತುಂಬುವ ಮೊದಲೇ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಮೀಸಲು ಪೊಲೀಸರು ತಂಗಿದ್ದ ಶಿಬಿರದ ಮೇಲೆ ನಕ್ಸಲರು ರಾತ್ರಿ ದಾಳಿ ಮಾಡಿದರು. ಅಲ್ಲಿ ಸತ್ತ ಪೊಲೀಸರೂ ಮುದ್ದೆ ಉಂಡು ಬೆಳೆದ ಬಡವರ ಮನೆಯ ಮಕ್ಕಳೇ. ಮೆಣಸಿನಹಾಡ್ಯದ ಬಗ್ಗೆ ಪುಟಗಟ್ಟಲೆ ಬರೆದ ನಮ್ಮಲ್ಲಿ ಅನೇಕರು ವೆಂಕಟಮ್ಮನಹಳ್ಳಿಯ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ನಾನೂ ಆ ಪಟ್ಟಿಯಲ್ಲಿದ್ದೇನೆ. (ಇನ್ನೊಂದು ಮಾತು. ಮೈಸೂರಿನ ಓದಿದ ಸಾಕೇತ್ ನಮ್ಮ ಬರಹಗಳಲ್ಲಿ ‘ಅವರು’, ಛತ್ತೀಸಗಢದ ಬಸ್ತರಿನ ಆದಿವಾಸಿ ಹಿಡ್ಮಾ ‘ಅವನು’. ಈ ವ್ಯತ್ಯಾಸ ಎಲ್ಲಿಂದ ಬಂತೆಂದು ಕೇಳಿಕೊಂಡೇ ಇಲ್ಲಿ ಇಬ್ಬರಿಗೂ ಬಹುವಚನ ಬಳಸಿದ್ದೇನೆ.)

ಸಾಕೇತ್ ಸತ್ತ ಮೇಲೆ ಕೂಳೆ ಬಂತು, ಆದರೆ ಸೊರಗಿದ ಕೂಳೆ. ಮರುವರ್ಷವೇ ಸಂಘಟನೆ ಒಡೆಯಿತು; ಕಾಡಿನ ಬಂದೂಕಿನಿಂದ ಕರ್ನಾಟಕದಲ್ಲಿ ಏನೂ ಆಗದು ಎಂದವರು ಹೊರನಡೆದರು. ಹಾಗೆ ಹೊರಬಂದ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ 2014ರ ಡಿಸೆಂಬರ್‌ನಲ್ಲಿ ಮುಖ್ಯವಾಹಿನಿಗೆ ಬಂದರು. ಉಳಿದವರನ್ನು ಉಳಿಸಿದ್ದು ಸಿದ್ಧಾಂತಕ್ಕಿಂತ ಹೆಚ್ಚಾಗಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ಎದ್ದ ಒಕ್ಕಲೆಬ್ಬಿಸುವ ಭಯ. ಆ ಭಯ ಇರುವವರೆಗೆ ಒಂದು ಸೇರು ಅಕ್ಕಿ ಕೊಡುವ ಮನೆ ಕಾಡಂಚಿನಲ್ಲಿ ಸಿಗುತ್ತಿತ್ತು. ಅಕ್ಕಿ ಕೊಡುವ ಮನೆಗಳು ಕಡಿಮೆಯಾದ ಹಾಗೆ ಸಂಘಟನೆ ಕೇರಳದ ಗಡಿಯತ್ತ ಸರಿಯಿತು. 2024ರ ನವೆಂಬರ್ 18ರಂದು ಹೆಬ್ರಿ ಬಳಿಯ ಪೀತಬೈಲಿನಲ್ಲಿ, ತಮ್ಮ ಹುಟ್ಟೂರಿನ ಆಸುಪಾಸಿನಲ್ಲೇ, ನಕ್ಸಲ್ ನಾಯಕ ವಿಕ್ರಂ ಗೌಡ ಹತರಾದಾಗ ಅವರ ಹಿಂದೆ ಉಳಿದಿದ್ದವರು ಬೆರಳೆಣಿಕೆಯ ಜನ. ಹಿಡ್ಮಾ ಸತ್ತದ್ದು ಸರಿಯಾಗಿ ಒಂದು ವರ್ಷದ ನಂತರ, ಅದೇ ದಿನ.

ವಿಕ್ರಂ ಗೌಡರ ಸಾವೇ ಕರ್ನಾಟಕದ ನಕ್ಸಲ್ ಚಳವಳಿಯನ್ನು ಮುಗಿಸಿತು ಎಂದು ಹೇಳುವವರೊಂದಿಗೆ ನನಗೆ ಅರ್ಧ ಸಹಮತವಿದೆ. ಆ ಸಾವು ಉಳಿದವರನ್ನು ಹೆದರಿಸಿತು, ನಿಜ. ಆದರೆ ಹೆದರಿದವರಿಗೆ ಎರಡು ದಾರಿಯಿರುತ್ತದೆ, ಇನ್ನೂ ಒಳಗಿನ ಕಾಡಿಗೆ ಹೋಗುವುದು ಅಥವಾ ಕೆಳಗಿಳಿದು ಬರುವುದು. ಎರಡನೆಯ ದಾರಿ ತೆರೆದಿತ್ತು, ಅದರ ಬಾಗಿಲಲ್ಲಿ ಅವರು ನಂಬುವ ಕೆಲವರು ನಿಂತಿದ್ದರು. ಶಾಂತಿಗಾಗಿ ನಾಗರಿಕ ವೇದಿಕೆಯವರ ಮಧ್ಯಸ್ಥಿಕೆಯಲ್ಲಿ 2025ರ ಜನವರಿ 8ರಂದು ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಯವರ ಎದುರು ಶರಣಾದರು. ಫೆಬ್ರುವರಿ ಮೊದಲ ವಾರದೊಳಗೆ ಇನ್ನಿಬ್ಬರು ಬಂದರು. ಇಪ್ಪತ್ತು ವರ್ಷ ಗುಂಡಿನಿಂದ ಆಗದ ಕೆಲಸ ಗುಂಡು ಹಾರಿದ ಎರಡು ತಿಂಗಳಲ್ಲಿ ಮಾತಿನಿಂದ ಆಯಿತು ಎಂದರೆ ಗುಂಡಿನ ಪಾತ್ರವನ್ನು ಅಲ್ಲಗಳೆದಂತಾಗುತ್ತದೆ, ಅಷ್ಟು ಸರಳವಾಗಿ ನಾನೂ ಹೇಳಲಾರೆ. ಮಾತಿಲ್ಲದಿದ್ದರೆ ಇನ್ನೂ ಎಂಟು ಹೆಣ ಬೀಳುತ್ತಿದ್ದವು ಎಂದು ಮಾತ್ರ ಖಂಡಿತ ಹೇಳುತ್ತೇನೆ.

ಬಸ್ತರಿನ ಲೆಕ್ಕ ಇದಕ್ಕಿಂತ ದೊಡ್ಡದು. 2025ರ ಮೇ 21ರಂದು ಅಬೂಜ್‌ಮಾಡ್ ಕಾಡಿನಲ್ಲಿ ಮಾವೋವಾದಿ ಪಕ್ಷದ ಪ್ರಧಾನ ಕಾರ್ಯದರ್ಶಿ ಬಸವರಾಜು ಭದ್ರತಾ ಪಡೆಯ ಗುಂಡಿಗೆ ಸತ್ತರು. ಅಕ್ಟೋಬರ್‌ನಲ್ಲಿ ಪಾಲಿಟ್‌ಬ್ಯೂರೊ ಸದಸ್ಯ ಮಲ್ಲೋಜುಲ ವೇಣುಗೋಪಾಲ ರಾವ್ 60 ಸಂಗಾತಿಗಳ ಜೊತೆ ಗಡಚಿರೋಲಿಯಲ್ಲಿ ಶಸ್ತ್ರ ಒಪ್ಪಿಸಿದರು. ನನ್ನ ಪ್ರಕಾರ ಈ ಎರಡರಲ್ಲಿ ಸಂಘಟನೆಗೆ ಬಿದ್ದ ದೊಡ್ಡ ಪೆಟ್ಟು ಎರಡನೆಯದು. ಸತ್ತವನ ಹೆಸರಿನಲ್ಲಿ ಸ್ತೂಪ ಕಟ್ಟಬಹುದು. ‘ಇನ್ನು ಬಂದೂಕು ಸಾಕು’ ಎಂದು ಬದುಕಿರುವ ನಾಯಕನೇ ಹೇಳಿದರೆ ಅದಕ್ಕೆ ಉತ್ತರ ಕೊಡುವುದು ಕಷ್ಟ. ಹಿಡ್ಮಾ ವಿಷಯ ಬೇರೆ. ಬಹುಪಾಲು ತೆಲುಗು ನಾಡಿನವರೇ ಇದ್ದ ನಾಯಕತ್ವದಲ್ಲಿ ಅವರು ಅಲ್ಲಿನ ನೆಲದ ಮನುಷ್ಯ, ಸುಕ್ಮಾ ಜಿಲ್ಲೆಯ ಪೂವರ್ತಿಯವರು. ಅವರ ಮುಂದಾಳತ್ವದ ದಾಳಿಗಳಲ್ಲಿ ಹತ್ತಾರು ಜವಾನರು ಸತ್ತಿದ್ದಾರೆ, ಅದನ್ನು ಮರೆಸುವ ಉದ್ದೇಶ ನನಗಿಲ್ಲ. ಆದರೆ ಆ ಊರಿನ ಹುಡುಗರು ಅವರನ್ನು ನೆನೆಯುವ ರೀತಿ ನಮ್ಮ ಟಿವಿ ವಾಹಿನಿಗಳು ನೆನೆಯುವ ರೀತಿಯಲ್ಲಿ ಇರುವುದಿಲ್ಲ. ಪೂವರ್ತಿಗೆ 2024ರಲ್ಲೇ ಭದ್ರತಾ ಪಡೆಯ ಶಿಬಿರ ಬಂದಿದೆ. ಅದರ ಹಿಂದೆಯೇ ಶಾಲೆ, ಆಸ್ಪತ್ರೆ, ಭೂಮಿಯ ಹಕ್ಕುಪತ್ರ ಬರುತ್ತವೆಯೋ, ಗಣಿ ಕಂಪನಿಯ ಲಾರಿಗಳು ಬರುತ್ತವೆಯೋ ಎಂಬುದರ ಮೇಲೆ ಬುಡದ ಸ್ಥಿತಿ ನಿಂತಿದೆ.

ನಮ್ಮಲ್ಲಿ ಶರಣಾದವರ ಮೇಲೆ ಕರ್ನಾಟಕದಲ್ಲೂ ಕೇರಳದಲ್ಲೂ ಪ್ರಕರಣಗಳಿದ್ದವು. ಶರಣಾದ ಮೇಲೆ ಅವರು ಹೋದದ್ದು ಮನೆಗಲ್ಲ, ನ್ಯಾಯಾಂಗ ಬಂಧನಕ್ಕೆ. ಕಾನೂನಿನ ದಾರಿ ಅದೇ ಇರಬಹುದು, ಅದಕ್ಕೆ ನನ್ನ ಆಕ್ಷೇಪವಿಲ್ಲ. ವಿಚಾರಣೆ ಬೇಗ ನಡೆಯಿತೇ, ಕೊಟ್ಟ ಮಾತಿನಂತೆ ಪುನರ್ವಸತಿ ಸಿಕ್ಕಿತೇ, ಇಲ್ಲ ವರ್ಷಗಟ್ಟಲೆ ಒಂದು ಕೋರ್ಟಿನಿಂದ ಇನ್ನೊಂದಕ್ಕೆ ಅಲೆಯಬೇಕಾಯಿತೇ ಎಂಬುದನ್ನು ಇನ್ನೂ ಕಾಡಿನಲ್ಲಿರುವವರು ನಮಗಿಂತ ಹೆಚ್ಚು ಗಮನವಿಟ್ಟು ನೋಡುತ್ತಿರುತ್ತಾರೆ.