ಟಾಕೀಸಿನ ತಿಥಿಗೆ ಹೌಸ್‌ಫುಲ್

ನಮ್ಮೂರ ಟಾಕೀಸಿನ ಗೋಡೆಗೆ ಜೆಸಿಬಿ ತಾಗಿದ್ದೇ ತಡ, ಊರಿಗೆ ಊರೇ ಬಂದು ಸೇರಿತು. ಕೊನೆಕೊನೆಗೆ ಸೆಕೆಂಡ್ ಶೋಗೆ ಹತ್ತು ಜನ ಬಂದರೂ ಗೇಟ್‌ಕೀಪರ್‌ಗೆ ಹಬ್ಬ. ಒಡೆಯುವ ದಿನ ಮಾತ್ರ ನಿಲ್ಲೋಕೆ ಜಾಗ ಇಲ್ಲ. ಎಲ್ಲರ ಕೈಯಲ್ಲೂ ಮೊಬೈಲು, ಕಣ್ಣಲ್ಲಿ ನೀರು. ಟಿಕೆಟ್ ಇರಲಿಲ್ಲ ನೋಡಿ, ಅದಕ್ಕೇ.

ಸಂಜೆಯೊಳಗೆ ವಾಟ್ಸಾಪ್ ಗ್ರೂಪು. ಮಾರನೇ ದಿನ ಟಾಕೀಸ್ ಉಳಿಸಿ ಸಮಿತಿ. ಅಧ್ಯಕ್ಷರು ಹಳೇ ಬಾಲ್ಕನಿ, ಕಾರ್ಯದರ್ಶಿ ಸೆಕೆಂಡ್ ಕ್ಲಾಸು, ಚಂದಾ ಎತ್ತೋದಕ್ಕೆ ಎಂದಿನಂತೆ ಗಾಂಧಿ ಕ್ಲಾಸಿನವರು.

ಆಮೇಲೆ ನೆನಪುಗಳ ಮಳೆ. "ಎಂಥಾ ಸೀಟು ಮಾರಾಯ್ರೆ, ಸ್ವರ್ಗ!" ಅಂತ ಒಬ್ಬರು ಬರೆದರು. ಆ ಸ್ವರ್ಗದ ತುಂಬಾ ತಿಗಣೆ. ಮಳೆಗಾಲದಲ್ಲಿ ಅಡಿಕೆ ತೋಟದಿಂದ ಸೀದಾ ಮ್ಯಾಟ್ನಿಗೆ ಬಂದವರು ಕಾಲಲ್ಲಿ ಉಂಬಳ ತರುತ್ತಿದ್ದರು, ಹೋಗುವಾಗ ತಿಗಣೆ ಒಯ್ಯುತ್ತಿದ್ದರು. ಲೆಕ್ಕ ಚುಕ್ತಾ. ತಗಡಿನ ಮೇಲೆ ಮಳೆ ಹೊಯ್ಯತೊಡಗಿದರೆ ಡೈಲಾಗು ಕೇಳುವ ಮಾತೇ ಇಲ್ಲ. ಅಣ್ಣಾವ್ರ ತುಟಿ ನೋಡಿ ನಾವೇ ಮಾತು ಕೂಡಿಸಿಕೊಳ್ಳಬೇಕು. ಕನ್ನಡ ಸಿನಿಮಾಕ್ಕೆ 1934ರಲ್ಲೇ ಮಾತು ಬಂತು ಅಂತಾರೆ. ನಮ್ಮೂರಲ್ಲಿ ಮಾತ್ರ ಪ್ರತಿ ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಕಿಚಿತ್ರವೇ.

ಇನ್ನು ಸಿನಿಮಾ ರೀಲಿನ ಪೆಟ್ಟಿಗೆ ಕಥೆ. ಪ್ರಿಂಟು ಒಂದೇ, ಊರು ಎರಡು. 2,000 ಅಡಿಯ ರೀಲು ಓಡೋದು ಸುಮಾರು 22 ನಿಮಿಷ. ಆಚೆ ಊರಲ್ಲಿ ಮುಗಿದ ರೀಲು ಈಚೆ ಊರಿಗೆ ಬರಬೇಕು. ವಿಲನ್ ಹೀರೋಯಿನ್ ಕೈ ಹಿಡಿದ, ಟಪ್ಪಂತ ಲೈಟು ಹತ್ತಿತು. ದಾರಿಯಲ್ಲಿ ಮರ ಬಿದ್ದಿದೆಯಂತೆ. ಬಿಡಿಸಬೇಕಾದ ಹೀರೋ ಇನ್ನೊಂದು ಪೆಟ್ಟಿಗೆಯಲ್ಲಿ! ಅವತ್ತು "ದುಡ್ಡು ವಾಪಸ್ ಕೊಡ್ರೋ" ಅಂತ ಕುರ್ಚಿ ಮುರಿದವರೇ ಈಗ ಆ ಕುರ್ಚಿಯ ಒಂದು ಕೈಯಾದರೂ ನೆನಪಿಗೆ ಸಿಗಲಿ ಅಂತ ಜೆಸಿಬಿ ಹಿಂದೆ ಅಲೆಯುತ್ತಿದ್ದಾರೆ.

ಇದನ್ನೆಲ್ಲ ಸರಿಯಾಗಿ ಬಲ್ಲವನು ಹಳೇ ಆಪರೇಟರ್ ಒಬ್ಬನೇ. ಪ್ರೊಜೆಕ್ಟರ್‌ನೊಳಗೆ ಎರಡು ಕಾರ್ಬನ್ ಕಡ್ಡಿ ಎದುರುಬದುರು ಉರಿಸಿ, ಸವೆದಂತೆಲ್ಲ ಹತ್ತಿರ ತಳ್ಳುತ್ತಾ, ಹೊಗೆ ಕುಡಿದು ಊರಿಗೆ ಬೆಳಕು ಬಿಟ್ಟವನು. ಅವನನ್ನು ಸಭೆಗೆ ಕರೆಯಲಿಲ್ಲ. ವೇದಿಕೆ ಮೇಲೆ ಕುರ್ಚಿ ಸಾಲಲಿಲ್ಲವಂತೆ.

ಸಭೆಯ ಬೇಡಿಕೆ ಒಂದೇ, ಮ್ಯೂಸಿಯಂ. 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಮಾಲ್ಗುಡಿಯ ವೇಷ ಹಾಕಿದ್ದಕ್ಕೆ ನಮ್ಮ ಅರಸಾಳು ರೈಲ್ವೆ ಸ್ಟೇಷನ್ನಿಗೆ 2020ರಲ್ಲಿ ಮ್ಯೂಸಿಯಂ ಬಂತು. ವೇಷ ಹಾಕಿದವರಿಗೇ ಮ್ಯೂಸಿಯಂ ಆದರೆ, ವರ್ಷಾನುಗಟ್ಟಲೆ ವೇಷ ತೋರಿಸಿದವರಿಗೆ ಬೇಡವೇ ಅಂತ ಅಧ್ಯಕ್ಷರು ಮೇಜು ಕುಟ್ಟಿದರು. ಪಾಯಿಂಟು ಸರಿಯಾಗಿಯೇ ಇದೆ. ಟಾಕೀಸು ನಿಂತಿದ್ದಾಗ ಕುಟ್ಟಬೇಕಿತ್ತು, ಅಷ್ಟೇ.

ಸರ್ಕಾರ ಸುಮ್ನೆ ಕೂತಿತ್ತು ಅಂತಲೂ ಹೇಳುವಂತಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಟಿಕೆಟ್ ದರ 200 ರೂಪಾಯಿ ದಾಟಬಾರದು ಅಂತ ನಿಯಮ ತಂದಿತು. ಅದೇ ತಿಂಗಳು ಹೈಕೋರ್ಟ್ ತಡೆಯನ್ನೂ ಕೊಟ್ಟಿತು. ನಮ್ಮೂರಲ್ಲಿ ಎರಡಕ್ಕೂ ಚಪ್ಪಾಳೆ ಬಿತ್ತು, ಯಾಕೆಂದರೆ ಇಲ್ಲಿ ಬಾಲ್ಕನಿಯೇ ನೂರು ದಾಟಿರಲಿಲ್ಲ. ನೂರರೊಳಗಿನ ಟಿಕೆಟ್‌ನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದದ್ದೂ ಆಗಲೇ. ಅಷ್ಟೊತ್ತಿಗೆ ಟಾಕೀಸಿನ ಬಾಗಿಲಿಗೆ ಹಾಕಿದ ಬೀಗವೂ ತುಕ್ಕು ಹಿಡಿದಿತ್ತು.

ಮೊನ್ನೆ ಸಮಿತಿಯ ಗ್ರೂಪಿನಲ್ಲಿ ಕಾರ್ಯದರ್ಶಿಗಳು ಟಾಕೀಸಿನ ಹಳೇ ಫೋಟೋ ಹಾಕಿ "ಕರುಳು ಚುರ್ ಅಂತು" ಅಂತ ಬರೆದರು. ನಾಲ್ಕೈದು ಅಳುವ ಮುಖ ಬಂದವು. ಐದೇ ನಿಮಿಷಕ್ಕೆ ಖಜಾಂಚಿಗಳು ಶುಕ್ರವಾರ ಬಿಡುಗಡೆಯಾದ ಸಿನಿಮಾದ ಟೆಲಿಗ್ರಾಂ ಲಿಂಕು ಹಾಕಿದರು: "ಥಿಯೇಟರ್ ಪ್ರಿಂಟು, ತಲೆ ಅಡ್ಡ ಬರಲ್ಲ."

ಇಡೀ ಗ್ರೂಪು ಹೆಬ್ಬೆರಳು ಎತ್ತಿತು. ಅಧ್ಯಕ್ಷರು ಮಾತ್ರ ಸ್ವಲ್ಪ ಬೇಸರ ಮಾಡಿಕೊಂಡು ಕೇಳಿದರು: "ಇಂಟರ್ವಲ್ ಆದ್ಮೇಲೆ ಆಡಿಯೋ ಬರ್ತಿಲ್ಲ ಮಾರಾಯ್ರೆ, ಬೇರೆ ಲಿಂಕ್ ಉಂಟಾ?"