ಕನ್ನಡಕ್ಕೆ ಹತ್ತು ರೂಪಾಯಿ, ರಸೀದಿ ಕೊಡುವುದಿಲ್ಲ

ನನ್ನ ಅಕ್ಕನ ಮಗ ಒಂದನೇ ಕ್ಲಾಸು. ಹೋದ ತಿಂಗಳು ಕ್ಲಾಸಿನಲ್ಲಿ ಚಡ್ಡಿಯಲ್ಲೇ ಒಂದಕ್ಕೆ ಮಾಡಿಕೊಂಡ. ಆರು ವರ್ಷದ ಹುಡುಗ, ಇದರಲ್ಲೇನು ವಿಶೇಷ ಅಂತೀರಿ. ಇದೆ. ಅವನಿಗೆ ಅವಸರ ಆಗಿದ್ದು ಕನ್ನಡದಲ್ಲಿ, ಕೇಳಬೇಕಾಗಿದ್ದು ಇಂಗ್ಲಿಷಿನಲ್ಲಿ.

ಸಾಲಿ ಇಂಗ್ಲಿಷ್ ಮೀಡಿಯಂ, ಊರು ಹುಬ್ಬಳ್ಳಿ. ಹೆಸರು ಬೇಡ. ಹೇಳಿದರೂ ನಿಮಗೆ ಗುರುತು ಸಿಗುವುದಿಲ್ಲ. ಗ್ಲೋಬಲ್, ಇಂಟರ್‌ನ್ಯಾಷನಲ್, ವರ್ಲ್ಡ್ ಈ ಮೂರು ಶಬ್ದಗಳನ್ನು ಹಿಂದೆ ಮುಂದೆ ಮಾಡಿದರೆ ಊರಿನ ಅರ್ಧ ಸಾಲಿಗಳ ಹೆಸರು ಸಿದ್ಧವಾಗುತ್ತದೆ. ಅಲ್ಲಿ ಒಂದಕ್ಕೆ ಹೋಗಬೇಕಾದರೆ ಎದ್ದು ನಿಂತು ಪೂರ್ತಿ ವಾಕ್ಯ ಹೇಳಬೇಕು. 'ಮೇ ಐ ಗೋ ಟು ಟಾಯ್ಲೆಟ್, ಮಿಸ್.' ಅರ್ಧ ವಾಕ್ಯ ನಡೆಯುವುದಿಲ್ಲ. ಕಿರುಬೆರಳು ತೋರಿಸುವುದಂತೂ ಹಳ್ಳಿ ಪದ್ಧತಿ.

ಹುಡುಗ ಎದ್ದು ನಿಂತ. 'ಮೇ ಐ' ಅಂದ. ಅಲ್ಲಿಗೆ ಗಾಡಿ ನಿಂತಿತು.

"ಮೇ ಐ... ಮುಂದ? ಪೂರ್ತಿ ಸೆಂಟೆನ್ಸ್ ಹೇಳು," ಅಂದರು ಮಿಸ್.

"ಮೇ ಐ ಕಮ್ ಇನ್, ಮಿಸ್."

"ಒಳಗ ಅದೀಯಲ್ಲೋ! ಮತ್ತ ಎಲ್ಲಿಗೆ ಕಮ್ ಇನ್ ಆಗ್ತಿ?"

ಕ್ಲಾಸೆಲ್ಲ ನಕ್ಕಿತು. ನಗುವುದಕ್ಕೆ ಭಾಷೆ ಇಲ್ಲ, ಹಾಗಾಗಿ ಅದಕ್ಕೆ ದಂಡವೂ ಇಲ್ಲ. ಹುಡುಗ ಇನ್ನೊಮ್ಮೆ ಬಾಯಿ ತೆರೆದ. ಗುಡ್ ಮಾರ್ನಿಂಗ್ ಬಂತು. ಮತ್ತೊಮ್ಮೆ ತೆರೆದ. ಥ್ಯಾಂಕ್ ಯೂ ಬಂತು. ಬೇಕಾದ ವಾಕ್ಯ ಬರುವ ಮೊದಲೇ ಕೆಲಸ ಮುಗಿದಿತ್ತು.

ಮರುದಿನ ಪಾಲಕರನ್ನು ಕರೆಸಿದರು. ಭಾವ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದಾರೆ, ರಜೆ ಸಿಗಲಿಲ್ಲ. ಅಕ್ಕನ ಜೊತೆ ಟಂಟಂ ಹತ್ತಿ ನಾನು ಹೋದೆ. ಆಫೀಸಿನ ಗೋಡೆಗೆ 'ಸ್ಪೀಕ್ ಓನ್ಲಿ ಇಂಗ್ಲಿಷ್' ಅಂತ ಬೋರ್ಡು. ಅದರ ಕೆಳಗೆ ಸಿಪಾಯಿ ನಿಂತುಕೊಂಡು, "ಚಪ್ಪಲ್ ಹೊರಗ ಬಿಡ್ರೀ ಯಕ್ಕಾ," ಅಂದ.

"ನೋಡ್ರೀ ಮೇಡಂ," ಅಂತ ಶುರು ಮಾಡಿದರು ಮಿಸ್. "ಹುಡುಗ ಮನ್ಯಾಗ ಕನ್ನಡ ಮಾತಾಡ್ತಾನ ಅಂತ ಕಾಣಸ್ತದ. ಹಿಂಗಾದ್ರ ಹೆಂಗ್ರೀ?"

ಅಕ್ಕ ತಲೆ ತಗ್ಗಿಸಿದಳು. ಸಕ್ಕರೆ ಕಾಯಿಲೆಯವರು ಡಾಕ್ಟರ ಮುಂದೆ ಮಾತಾಡುವ ದನಿಯಲ್ಲಿ, "ಇಲ್ರೀ ಮಿಸ್, ಭಾಳ ಕಂಟ್ರೋಲ್ ಮಾಡೇವ್ರೀ. ಅವರ ಅಜ್ಜಿ ಊರಿಂದ ಬಂದಾಗ ಅಷ್ಟ ಸ್ವಲ್ಪ ಜಾಸ್ತಿ ಆಗ್ತದ," ಅಂದಳು.

ಅಜ್ಜಿ ಅಂದರೆ ಅಕ್ಕನ ಅತ್ತೆ, ಬ್ಯಾಡಗಿ ಕಡೆಯವರು. ಮೆಣಸಿನಕಾಯಿ ಊರಿನ ಬಾಯಿ. ಅವರ ಎದುರು ಯಾವ ಕಂಟ್ರೋಲೂ ನಡೆಯುವುದಿಲ್ಲ.

ಮಿಸ್ ಹಿಂದಿನ ಕಪಾಟಿನ ಮೇಲೆ ಒಂದು ಡಬ್ಬಿ ಇತ್ತು. ಪೇಡೆಯ ಡಬ್ಬಿ. ಮುಚ್ಚಳದಲ್ಲಿ ಬ್ಲೇಡಿನಿಂದ ಸೀಳು ಮಾಡಿ ದುಡ್ಡು ಹಾಕಲು ದಾರಿ ಮಾಡಿದ್ದರು. ಕನ್ನಡದಲ್ಲಿ ಮಾತಾಡಿ ಸಿಕ್ಕಿಬಿದ್ದರೆ ಹತ್ತು ರೂಪಾಯಿ. ಯಾರು ಮಾತಾಡಿದರು ಅಂತ ಹುಡುಗರೇ ಬಂದು ಹೇಳಬೇಕು. ಹೇಳುವುದು ಯಾವ ಭಾಷೆಯಲ್ಲಿ ಅಂತ ನೀವು ಕೇಳಬಾರದು. 'ಮಿಸ್, ಇಂವಾ ಕನ್ನಡ ಮಾತಾಡಿದಾರೀ' ಅನ್ನುವುದಕ್ಕೆ ವಿನಾಯಿತಿ ಇದೆ. ಚಾಡಿ ಮಾತ್ರ ಮಾತೃಭಾಷೆಯಲ್ಲಿ ಹೇಳಬಹುದು.

"ಮಿಸ್, ಈಗ ನಾವು ಮೂರೂ ಮಂದಿ ಮಾತಾಡಿದ್ದಕ್ಕ ಎಷ್ಟಾತ್ರೀ?" ಅಂತ ನಾನು ಕೇಳಿದೆ.

ಅವರು ಬಾಗಿಲ ಕಡೆ ನೋಡಿ, ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ನಕ್ಕರು. "ದೊಡ್ಡವರಿಗೆ ಇಲ್ರೀ ಸರ್."

"ಈ ರೊಕ್ಕ ಏನ್ ಮಾಡ್ತೀರಿ?"

"ನವೆಂಬರ್ ಒಂದಕ್ಕ ರಾಜ್ಯೋತ್ಸವ ಮಾಡ್ತೀವಲ್ರೀ. ಕೆಂಪು ಹಳದಿ ಪರಪರಿ, ಚಾಕ್ಲೇಟು, ಭುವನೇಶ್ವರಿ ಫೋಟೋಕ್ಕ ಹಾರ. ಎಲ್ಲಾ ಇದರಾಗ ಆಗ್ತದ. ಹೋದ ವರ್ಷ ಡೊಳ್ಳೂ ತರಿಸಿದ್ವಿ."

ಎಂಥ ಲೆಕ್ಕಾಚಾರ ನೋಡಿ. ಕನ್ನಡದ ಹಬ್ಬ ಕನ್ನಡದ ದುಡ್ಡಿನಲ್ಲೇ. ಸರ್ಕಾರದ ಅನುದಾನ ಬೇಡ, ಚಂದಾ ಎತ್ತುವುದು ಬೇಡ. ಮಕ್ಕಳು ಎಷ್ಟು ಜಾಸ್ತಿ ಕನ್ನಡ ಮಾತಾಡುತ್ತಾರೋ ಅಷ್ಟು ಜೋರು ರಾಜ್ಯೋತ್ಸವ. ಡೊಳ್ಳು ಬಂದಿತ್ತು ಅಂದರೆ ಹೋದ ವರ್ಷ ಹುಡುಗರು ಒಳ್ಳೇ ಬಾಯಿ ಬಿಟ್ಟಿದ್ದರು ಅಂತ ಅರ್ಥ. ಮಕ್ಕಳೆಲ್ಲ ನಿಯಮ ಪಾಲಿಸಿ ಒಂದು ವರ್ಷ ಬರೀ ಇಂಗ್ಲಿಷ್ ಮಾತಾಡಿಬಿಟ್ಟರೆ, ಪಾಪ, ಭುವನೇಶ್ವರಿಗೆ ಹಾರವೂ ಇಲ್ಲ.

ಈ ಡಬ್ಬಿ ನಮ್ಮವರೇ ಕಂಡುಹಿಡಿದಿದ್ದು ಅಂತ ಹೆಮ್ಮೆಪಡುವ ಹಾಗೂ ಇಲ್ಲ. ಇಂಗ್ಲೆಂಡಿಗೆ ಅಂಟಿಕೊಂಡೇ ವೇಲ್ಸ್ ಅಂತ ಒಂದು ನಾಡಿದೆ. 19ನೇ ಶತಮಾನದಲ್ಲಿ ಅಲ್ಲಿನ ಎಷ್ಟೋ ಸಾಲಿಗಳಲ್ಲಿ ವೆಲ್ಶ್ ಮಾತಾಡಿದ ಹುಡುಗನ ಕೊರಳಿಗೆ ಒಂದು ಕಟ್ಟಿಗೆ ತುಂಡು ಕಟ್ಟುತ್ತಿದ್ದರು. ಅದಕ್ಕೆ 'ವೆಲ್ಶ್ ನಾಟ್' ಅಂತ ಹೆಸರು. ಇನ್ನೊಬ್ಬ ಮಾತಾಡಿ ಸಿಕ್ಕರೆ ತುಂಡು ಅವನ ಕೊರಳಿಗೆ. ಸಾಲಿ ಬಿಡುವ ಹೊತ್ತಿಗೆ ಯಾರ ಕೊರಳಲ್ಲಿ ಇರುತ್ತದೋ ಅವನಿಗೆ ಏಟು. ಈಗ ಅದೇ ವೇಲ್ಸ್‌ನಲ್ಲಿ 16 ವರ್ಷದವರೆಗೆ ಎಲ್ಲ ಮಕ್ಕಳೂ ವೆಲ್ಶ್ ಕಲಿಯಲೇಬೇಕು. ಕಟ್ಟಿಗೆ ತುಂಡು ಮ್ಯೂಸಿಯಂ ಸೇರಿದೆ. ಅವರು ಬಿಟ್ಟಿದ್ದನ್ನು ನಾವು ಎತ್ತಿಕೊಂಡು ಸ್ವಲ್ಪ ಸುಧಾರಿಸಿದ್ದೇವೆ, ಅಷ್ಟೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳನ್ನು ಹೊಡೆಯಬಾರದು ಅನ್ನುತ್ತದೆ. ಕಾನೂನಿಗೆ ಮರ್ಯಾದೆ ಕೊಟ್ಟು ಏಟಿನ ಬದಲು ನಗದು ಮಾಡಿಕೊಂಡೆವು.

ಇದೆಲ್ಲ ನಡೆಯುತ್ತಿರುವುದು ಯಾವ ಸೀಮೆಯಲ್ಲಿ? ಧಾರವಾಡ ಮುಂಬೈ ಪ್ರಾಂತ್ಯದಲ್ಲಿದ್ದಾಗ ಇಲ್ಲೆಲ್ಲ ಮರಾಠಿ ಸಾಲಿಗಳದೇ ಕಾರುಬಾರು. ಮಕ್ಕಳ ಮಾತು ಕನ್ನಡ, ಕನ್ನಡ ಸಾಲಿ ಬೇಕು ಅಂತ ಓಡಾಡಿದವರಲ್ಲಿ ವಾಲ್ಟರ್ ಎಲಿಯಟ್ ಎಂಬ ಬಿಳಿ ಸಾಹೇಬನೂ ಒಬ್ಬ. ಆಮೇಲೆ ಡೆಪ್ಯುಟಿ ಚೆನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಸಾಲಿ ತೆರೆಸಿದರು. ಎಲಿಯಟ್ ಸಾಹೇಬ ಇವತ್ತು ಎದ್ದು ಬಂದು, ಅಕ್ಕನ ಮಗನ ಕ್ಲಾಸಿನಲ್ಲಿ 'ಏನ್ ತಮ್ಮಾ, ಆರಾಮ ಇದ್ದಿ?' ಅಂತ ಕೇಳಿದರೆ ಅವನೂ ಹತ್ತು ರೂಪಾಯಿ ಹಾಕಬೇಕು.

ಗೋಕಾಕರ ಪರಿಸ್ಥಿತಿ ಇನ್ನೂ ಫಜೀತಿ. ಅವರು ಸವಣೂರಿನವರು, ಈಗಿನ ಹಾವೇರಿ ಜಿಲ್ಲೆ. ಕನ್ನಡವೇ ಪ್ರಥಮ ಭಾಷೆಯಾಗಲಿ ಅಂತ 1981ರಲ್ಲಿ ವರದಿ ಕೊಟ್ಟರು. ಅದು ಜಾರಿಯಾಗಲಿ ಅಂತ ನಾಡಿಗೆ ನಾಡೇ ಬೀದಿಗೆ ಇಳಿಯಿತು. ಆ ಗೋಕಾಕರು ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಇಂಗ್ಲಿಷ್ ಪಾಠ. ಇಂಗ್ಲಿಷ್ ಮಾಸ್ತರರಿಗೇ ಇಂಗ್ಲಿಷ್ ಕಲಿಸುವ ಹೈದರಾಬಾದಿನ ಕೇಂದ್ರ ಸಂಸ್ಥೆಗೆ ನಿರ್ದೇಶಕರಾಗಿದ್ದವರು. ಅಂಥವರಿಗೆ ಕನ್ನಡ ಕಂಡರೆ ಹೆದರಿಕೆ ಇರಲಿಲ್ಲ. 'ಮೇ ಐ ಕಮ್ ಇನ್' ದಾಟದವರಿಗೇ ಜಾಸ್ತಿ ಹೆದರಿಕೆ.

ನಮ್ಮ ಭಾಷಾ ನೀತಿಯೂ ತಿಳಿಯಲು ಕಷ್ಟವೇನಿಲ್ಲ. 1994ರಲ್ಲಿ ಸರ್ಕಾರ ನಾಲ್ಕನೇ ಕ್ಲಾಸಿನವರೆಗೆ ಮಾತೃಭಾಷೆಯಲ್ಲೋ ಕನ್ನಡದಲ್ಲೋ ಪಾಠ ಅಂತ ಆದೇಶ ಮಾಡಿತು. ಸರಿ ಅಂದು ಖಾಸಗಿ ಸಾಲಿಗಳು ಕನ್ನಡ ಮೀಡಿಯಂಗೆ ಪರವಾನಗಿ ತೆಗೆದುಕೊಂಡವು. ಒಳಗೆ ಇಂಗ್ಲಿಷ್ ಮೀಡಿಯಂ ನಡೆಸಿದವು. 2006ರಲ್ಲಿ ಎಚ್ಚರವಾಗಿ ನೋಡಿದರೆ ಹಾಗೆ ನಡೆಸುತ್ತಿದ್ದ ಸಾಲಿಗಳು ಎರಡು ಸಾವಿರಕ್ಕೂ ಜಾಸ್ತಿ. ಮಾನ್ಯತೆ ರದ್ದು, ಕೋರ್ಟು, ಕಚೇರಿ, ಎಲ್ಲ ಆಯಿತು. 2014ರಲ್ಲಿ ಸುಪ್ರೀಂ ಕೋರ್ಟು, ಯಾವ ಮಾಧ್ಯಮ ಅನ್ನುವುದು ಪಾಲಕರ ಆಯ್ಕೆ, ಸರ್ಕಾರ ಹೇರಬಾರದು ಅಂದಿತು. ಆವಾಗ ಪರವಾನಗಿ ಕನ್ನಡದ್ದು, ಪಾಠ ಇಂಗ್ಲಿಷ್. ಈಗ ಪರವಾನಗಿ ಇಂಗ್ಲಿಷಿನದು, ಪಾಠ ಕನ್ನಡ. ಸಿ ಎ ಟಿ ಕ್ಯಾಟ್, ಕ್ಯಾಟ್ ಅಂದ್ರ ಬೆಕ್ಕು. ಪರವಾನಗಿ ಮತ್ತು ಪಾಠ ಎರಡೂ ಒಂದೇ ಭಾಷೆಯಲ್ಲಿ ಇರಬಾರದು ಅನ್ನುವ ಒಂದು ತತ್ವವನ್ನು ಮಾತ್ರ ನಾವು ಎಂದೂ ಬಿಟ್ಟುಕೊಟ್ಟಿಲ್ಲ.

2019ರ ಜನವರಿಯಲ್ಲಿ ಧಾರವಾಡದಲ್ಲಿ ಸಾಹಿತ್ಯ ಸಮ್ಮೇಳನ ಆಯಿತು, ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ. ಸರ್ಕಾರಿ ಸಾಲಿಗಳಲ್ಲಿ ಇಂಗ್ಲಿಷ್ ಮೀಡಿಯಂ ತೆರೆಯಬೇಡಿ ಅಂತ ಅಧ್ಯಕ್ಷ ಕಂಬಾರರು ಹೇಳಿದರು. ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬ. ಪಕ್ಕದಲ್ಲಿದ್ದ ಹಿರಿಯರು ನನಗಿಂತ ಜೋರಾಗಿ ಹೊಡೆದರು. ಹೊಡೆದು, ವಾಚು ನೋಡಿಕೊಂಡು ಎದ್ದರು. "ಯಾಕ್ರೀ, ಊಟಕ್ಕ?" ಅಂದೆ. "ಇಲ್ರೀ, ಮೊಮ್ಮಗನ್ನ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಬಿಡಬೇಕು," ಅಂದರು. ಅದೇ ವರ್ಷ ಸಾಲಿ ಶುರುವಾಗುವ ಹೊತ್ತಿಗೆ ಸಾವಿರ ಸರ್ಕಾರಿ ಸಾಲಿಗಳಲ್ಲಿ ಇಂಗ್ಲಿಷ್ ಮೀಡಿಯಂ ವಿಭಾಗ ಬಂತು.

ಹಾಗಂತ ಅಕ್ಕನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಭಾವನಿಗೆ ಬರುವ ಸುತ್ತೋಲೆ ಇಂಗ್ಲಿಷಿನಲ್ಲಿ ಇರುತ್ತದೆ, ಇಲ್ಲಾ ಹಿಂದಿಯಲ್ಲಿ. ಓದಿಸಿಕೊಳ್ಳಲು ತನಗಿಂತ ಹತ್ತು ವರ್ಷ ಚಿಕ್ಕ ಹುಡುಗನ ಮುಂದೆ ನಿಲ್ಲಬೇಕು. ಮಗನಿಗೆ ಆ ಗತಿ ಬೇಡ ಅನ್ನುತ್ತಾರೆ. ಇಂಗ್ಲಿಷ್ ಯಾಕೆ ಬೇಕು ಅಂತ ಭಾಷಣ ಮಾಡುವವರ ಮಕ್ಕಳು ಹೇಗೂ ಅಮೆರಿಕದಲ್ಲಿ ಇರುತ್ತಾರೆ, ಆ ಮಾತು ಬೇರೆ. ಇಂಗ್ಲಿಷ್ ಬೇಕು. ಆದರೆ ದುಡ್ಡು ಕೊಟ್ಟು ತಂದಿದ್ದು ಇಂಗ್ಲಿಷ್ ಹೌದೋ ಅಲ್ಲವೋ ಅಂತ ಡಬ್ಬಿ ಬಿಚ್ಚಿ ನೋಡಬೇಕಲ್ವಾ?

ಮಿಸ್ ಮೇಲೂ ಸಿಟ್ಟು ಬರಲಿಲ್ಲ. ಗೇಟಿನ ತನಕ ಬಂದು ಮೆಲ್ಲಗೆ ಹೇಳಿದರು. "ನಾನೂ ಕನ್ನಡ ಸಾಲ್ಯಾಗ ಓದಿದಾಕಿರೀ ಸರ್. ನಮಗೆಲ್ಲಾ ಐದನೇತ್ತಕ್ಕ ಎಬಿಸಿಡಿ. ರಾತ್ರಿ ಯೂಟ್ಯೂಬ್ ನೋಡಿ ಕಲೀತೀನಿ, ಮುಂಜಾನೆ ಬಂದು ಕಲಸ್ತೀನಿ. ಇಂಗ್ಲಿಷ್‌ನಾಗ ಬೈಯಾಕ ಇನ್ನೂ ಬರಂಗಿಲ್ಲ." ಆಮೇಲೆ ಇನ್ನೊಂದು ಮಾತು ಹೇಳಿದರು. ಎಷ್ಟೋ ಹುಡುಗರ ಹತ್ತಿರ ಹತ್ತು ರೂಪಾಯಿ ಇರುವುದಿಲ್ಲವಂತೆ. ಮೇಲಿನವರು ತಿಂಗಳ ಕೊನೆಗೆ ಲೆಕ್ಕ ಕೇಳುತ್ತಾರೆ. ಆಗ ಇವರೇ ತಮ್ಮ ಪಗಾರದಿಂದ ಒಂದಿಷ್ಟು ಡಬ್ಬಿಗೆ ಹಾಕುತ್ತಾರೆ. ಆ ಪಗಾರ ಎಷ್ಟು ಅಂತ ನಾನು ಕೇಳಲಿಲ್ಲ, ಅವರ ಚಪ್ಪಲಿಗೆ ಹಾಕಿದ ಪಿನ್ನು ನೋಡಿದ್ದೆ.

ಹೊರಡುವ ಮೊದಲು ಮೇಲಿನವರ ಆದೇಶ ಒಂದು ಬಂತು. ಹುಡುಗ ನಾಳೆ ಕ್ಲಾಸಿನ ಮುಂದೆ ನಿಂತು ತಪ್ಪಾಯಿತು ಅಂತ ಕೇಳಬೇಕು. ಇಂಗ್ಲಿಷಿನಲ್ಲಿ, ಪೂರ್ತಿ ವಾಕ್ಯ.

ಆ ರಾತ್ರಿ ಅಕ್ಕನ ಮನೆಯಲ್ಲಿ ವಾಕ್ಯ ಹುಡುಕುವ ಕೆಲಸ. ಐ ಆಮ್ ಸಾರಿ ಅಂದರೆ ಸಾಕಾ? ಸಣ್ಣದಾಯಿತು. ಯಾಕೆ ಸಾರಿ ಅಂತ ಹೇಳಬೇಡವಾ? ಅಕ್ಕ ಮೊಬೈಲಿನಲ್ಲಿ ಹುಡುಕಿದಳು. ಭಾವ ಯಾವುದೋ ರಜೆ ಅರ್ಜಿ ತೆಗೆದು, 'ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್' ಅನ್ನುವುದನ್ನು ಚಡ್ಡಿಗೆ ಹೊಂದಿಸಲು ನೋಡಿದರು. ಹುಡುಗ ಮಂಚದ ಮೇಲೆ ಬೋರಲು ಬಿದ್ದು ರೈಲು ಬಿಡುತ್ತಿದ್ದ.

ನನಗೆ ಸುಮ್ನೆ ಪ್ರಭು ಅವರ ನೆನಪು ಬಂತು. ಎನ್. ಎಸ್. ಪ್ರಭು ಅಂತ, ಇಂಗ್ಲಿಷ್ ಕಲಿಸುವ ವಿದ್ಯೆ ಓದಿದವರಿಗೆಲ್ಲ ಗೊತ್ತಿರುವ ಹೆಸರು. 1979ರಿಂದ 1984ರವರೆಗೆ ಅವರು ನಡೆಸಿದ ಪ್ರಯೋಗವನ್ನು ಜಗತ್ತು 'ಬೆಂಗಳೂರು ಪ್ರಾಜೆಕ್ಟ್' ಅಂತ ಕರೆಯುತ್ತದೆ. ವ್ಯಾಕರಣ ಉರು ಹೊಡೆಸುವುದು ಬಿಡಿ, ಮಕ್ಕಳಿಗೆ ಒಂದು ರೈಲು ವೇಳಾಪಟ್ಟಿ ಕೊಡಿ, ನಕಾಶೆ ಕೊಡಿ, ಯಾವ ಗಾಡಿ ಎಷ್ಟಕ್ಕೆ ಮುಟ್ಟುತ್ತದೆ ಅಂತ ಲೆಕ್ಕ ಹಾಕಿಸಿ. ಮನಸ್ಸು ಲೆಕ್ಕದ ಮೇಲಿದ್ದಾಗ ಭಾಷೆ ತಾನಾಗಿ ಒಳಗೆ ಇಳಿಯುತ್ತದೆ ಅನ್ನುವುದು ಅವರ ವಿಚಾರ. ದೇಶ ವಿದೇಶದ ಮಾಸ್ತರರು ಅದನ್ನು ಓದುತ್ತಾರೆ. ಬೆಂಗಳೂರಿನಿಂದ ಹೊರಟ ಆ ಗಾಡಿ ಇನ್ನೂ ಹುಬ್ಬಳ್ಳಿಗೆ ಬಂದಿಲ್ಲ. ಪ್ಲಾಟ್‌ಫಾರ್ಮ್ ಸಣ್ಣದು ಅಂತ ನೆಪ ಹೇಳುವ ಹಾಗಿಲ್ಲ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ನಮ್ಮದು ಜಗತ್ತಿನಲ್ಲೇ ಅತಿ ಉದ್ದದ್ದು, 1,507 ಮೀಟರ್.

ಅಕ್ಕನ ಮನೆ ಗದಗ ರೋಡಿನ ಕಡೆ. ಗಾಳಿ ಇತ್ತ ಬೀಸಿದರೆ ಸ್ಟೇಷನ್ನಿನ ಮೈಕು ಮನೆಯೊಳಗೇ ಕೇಳುತ್ತದೆ. ಕನ್ನಡ, ಹಿಂದಿ, ಇಂಗ್ಲಿಷ್. ದಿನಕ್ಕೆ ಎಷ್ಟು ಸಲವೋ. ಅದಕ್ಕೆ ಯಾರೂ ಫೀ ಕಟ್ಟಿಲ್ಲ. ಹನ್ನೊಂದರ ಸುಮಾರಿಗೆ ಎಲ್ಲರೂ ಸೋತು, 'ಐ ಆಮ್ ವೆರಿ ಸಾರಿ ಮಿಸ್' ಅಂತ ಗಟ್ಟಿ ಮಾಡಿಸಿ ಮಲಗಿದರು.

ಮರುದಿನ ಮಧ್ಯಾಹ್ನ ಮಿಸ್ಸೇ ಅಕ್ಕನಿಗೆ ಫೋನು ಮಾಡಿ ಹೇಳಿದ ಕತೆ ಇದು. ಹುಡುಗ ಕ್ಲಾಸಿನ ಮುಂದೆ ಹೋಗಿ ನಿಂತ. ರಾತ್ರಿ ಉರು ಹೊಡೆದದ್ದು ಎಲ್ಲ ಮರೆತುಹೋಗಿತ್ತು. ಒಂದು ಕ್ಷಣ ಕಣ್ಣು ಮುಚ್ಚಿದ. ಆಮೇಲೆ ಎಲ್ಲೂ ತಡವರಿಸದೆ, ಹೆಂಗಸಿನ ದನಿ ಮಾಡಿಕೊಂಡು ಹೇಳಿದ.

"ಯುವರ್ ಅಟೆನ್ಷನ್ ಪ್ಲೀಸ್. ದಿ ಇನ್‌ಕನ್ವೀನಿಯೆನ್ಸ್ ಕಾಸ್ಡ್ ಈಸ್ ಡೀಪ್ಲಿ ರಿಗ್ರೆಟೆಡ್."

"ಯವ್ವಾ ನನ್ನ! ಇದನ್ನ ಎಲ್ಲಿ ಕಲ್ತ್ಯೋ ಮಾರಾಯಾ?" ಅಂದುಬಿಟ್ಟರಂತೆ ಮಿಸ್.

ಇಡೀ ಕ್ಲಾಸು ಒಟ್ಟಿಗೇ ಪೇಡೆ ಡಬ್ಬಿಯ ಕಡೆ ಬೆರಳು ತೋರಿಸಿತು.